ಯಾಂಗ್‌ಝೌ ಪತನದ ಇತಿಹಾಸವನ್ನು ಓದುವ ಕ್ರಮ

ಚೀನಾದ ಮಿಂಗ್ ವಂಶದ ಕೊನೆಗಾಲದ ಸ್ವಾಮಿನಿಷ್ಠರಲ್ಲಿ ಶಿ ಕೆಫಾನ ಹೆಸರು ಮೊದಲ ಸಾಲಿನದು. 1645ರಲ್ಲಿ ಯಾಂಗ್‌ಝೌ ನಗರವನ್ನು ಮಂಚು ಸೇನೆಗೆ ಒಪ್ಪಿಸಲು ನಿರಾಕರಿಸಿ ಪ್ರಾಣ ಕೊಟ್ಟ ಈ ಅಧಿಕಾರಿಯ ಕಥೆಯನ್ನು ಹೆಚ್ಚಿನವರು ಕೋಟೆಯ ಮೇಲಿನ ಕೊನೆಯ ಗಳಿಗೆಯಿಂದಲೇ ಓದತೊಡಗುತ್ತಾರೆ. ಹಾಗೆ ಓದಿದರೆ ಮನಸ್ಸು ಕರಗುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ. ಒಂದು ವರ್ಷ ಹಿಂದಕ್ಕೆ ಹೋಗಿ ಮಿಂಗ್‌ನ ದಕ್ಷಿಣದ ರಾಜಧಾನಿ ನಾನ್‌ಜಿಂಗ್‌ನ ಆಸ್ಥಾನದಿಂದ ತೊಡಗುವುದು ಲೇಸು.

ಅದಕ್ಕೂ ಮುನ್ನ ಕಾಲಗಣನೆಯನ್ನು ಸರಿಪಡಿಸಿಕೊಳ್ಳಬೇಕು. 1645ನ್ನು ಮಿಂಗ್ ಪಕ್ಷದವರು ಹೊಂಗ್‌ಗುವಾಂಗ್ ಆಳ್ವಿಕೆಯ ಮೊದಲ ವರ್ಷವೆಂದೂ ಮಂಚುಗಳ ವಂಶವಾದ ಚಿಂಗ್ ಪಕ್ಷದವರು ಶುಂಝಿ ಆಳ್ವಿಕೆಯ ಎರಡನೆಯ ವರ್ಷವೆಂದೂ ಬರೆಯುತ್ತಿದ್ದರು. ನಗರ ಬಿದ್ದದ್ದು ಚೀನೀ ಪಂಚಾಂಗದ ನಾಲ್ಕನೆಯ ತಿಂಗಳ 25ನೆಯ ದಿನ, ಅಂದರೆ ಮೇ 20ರಂದು. ಅದನ್ನು ಏಪ್ರಿಲ್ ಎಂದು ತಿಳಿದರೆ ಘಟನೆಗಳ ಸರಣಿ ಕಲಸಿಹೋಗುತ್ತದೆ.

ಇನ್ನು ಆಸ್ಥಾನದ ವಿಚಾರ. 1644ರ ಏಪ್ರಿಲ್‌ನಲ್ಲಿ ಬಂಡಾಯಗಾರ ಲಿ ಝಿಚೆಂಗ್ ಬೀಜಿಂಗನ್ನು ಹಿಡಿದಾಗ ಚೊಂಗ್‌ಝೆನ್ ಚಕ್ರವರ್ತಿ ನೇಣು ಹಾಕಿಕೊಂಡನು. ಆಗ ನಾನ್‌ಜಿಂಗ್‌ನಲ್ಲಿ ಯುದ್ಧಮಂತ್ರಿಯಾಗಿದ್ದ ಶಿ ಕೆಫಾನಿಗೆ ಪಟ್ಟದ ಹಕ್ಕುದಾರನಾಗಿದ್ದ ಮಿಂಗ್ ವಂಶದ ಫೂ ರಾಜಕುಮಾರನ ನಡತೆಯ ಬಗ್ಗೆ ಅನುಮಾನವಿತ್ತು. ಆದರೂ ಅಧಿಕಾರಿ ಮಾ ಶಿಯಿಂಗ್, ದಂಡನಾಯಕರ ಬೆಂಬಲದಿಂದ ಆ ರಾಜಕುಮಾರನನ್ನೇ ಹೊಂಗ್‌ಗುವಾಂಗ್ ಚಕ್ರವರ್ತಿಯಾಗಿ ಪಟ್ಟಕ್ಕೇರಿಸಿ, ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡನು. ಶಿ ಕೆಫಾ ಯಾಂಗ್‌ಟ್ಸಿ ನದಿ ದಾಟಿ ಯಾಂಗ್‌ಝೌಗೆ ಬಂದದ್ದು ಈ ಹಿನ್ನೆಲೆಯಲ್ಲಿ. ಇಲ್ಲಿ ನಕ್ಷೆಯನ್ನು ಬಿಡಿಸಿಟ್ಟುಕೊಂಡು, ಮಹಾಕಾಲುವೆಯು ಯಾಂಗ್‌ಟ್ಸಿಯನ್ನು ಸೇರುವ ತಾಣದ ಬಳಿಯೇ ಈ ನಗರವಿರುವುದನ್ನು ಗಮನಿಸಿ. ಅದು ಬಿದ್ದರೆ ನಾನ್‌ಜಿಂಗ್‌ಗೆ ನದಿಯೊಂದೇ ಆಸರೆ. ಬಳಿಕ ಎರಡು ಘಟನೆಗಳನ್ನು ಚಿಂಗ್ ರಾಜಕುಮಾರ ಡೊಡೊನ ದಂಡಯಾತ್ರೆಯ ಪಕ್ಕದಲ್ಲಿಟ್ಟು ಓದಬೇಕು. 1645ರ ಆರಂಭದಲ್ಲಿ ಶಿ ಕೆಫಾ ಬಹಳವಾಗಿ ನೆಚ್ಚಿಕೊಂಡಿದ್ದ ದಂಡನಾಯಕ ಗಾವೊ ಜಿಯೆಯನ್ನು ಮಿಂಗ್ ಪಕ್ಷದವನೇ ಆಗಿದ್ದ ಶೂ ಡಿಂಗ್‌ಗುವೊ ಮೋಸದಿಂದ ಕೊಲ್ಲಿಸಿದನು. ವಸಂತದಲ್ಲಿ ಮಿಂಗ್ ದಂಡನಾಯಕ ಝುವೊ ಲಿಯಾಂಗ್ಯು ಮಾ ಶಿಯಿಂಗ್‌ನ ವಿರುದ್ಧ ದಂಗೆಯೆದ್ದು ವುಚಾಂಗ್‌ನಿಂದ ನದಿಯ ಜಾಡಿನಲ್ಲಿ ಕೆಳಗಿಳಿದಾಗ, ಆಸ್ಥಾನವು ಉತ್ತರದ ಕಾವಲಿನ ಸೇನೆಯನ್ನು ಅತ್ತ ತಿರುಗಿಸಿತು. ನನ್ನ ಮಟ್ಟಿಗೆ, ಫಿರಂಗಿಗಳು ಬರುವ ಮೊದಲೇ ಯಾಂಗ್‌ಝೌ ಸೋತಿತ್ತು.

ಶಿ ಕೆಫಾ ಮೊದಲಿನಿಂದಲೂ ಮಂಚುಗಳೊಡನೆ ಮಾತೇ ಬೇಡವೆಂದವನಲ್ಲ. 1644ರಲ್ಲಿ ಚಿಂಗ್ ಚಕ್ರವರ್ತಿಯ ಪರವಾಗಿ ಆಳುತ್ತಿದ್ದ ಡೋರ್ಗನ್ ಅವನಿಗೆ ಪತ್ರ ಬರೆದು, ತಾವು ಬೀಜಿಂಗನ್ನು ಪಡೆದದ್ದು ಬಂಡಾಯಗಾರರಿಂದಲೇ ಹೊರತು ಮಿಂಗ್‌ನಿಂದಲ್ಲ ಎಂದು ವಾದಿಸಿದನು. ಶಿ ಕೆಫಾನ ಉತ್ತರದಲ್ಲಿ ಬಂಡಾಯಗಾರರನ್ನು ಸೋಲಿಸಿದ್ದಕ್ಕೆ ಕೃತಜ್ಞತೆಯೂ ಇದೆ, ಮಿಂಗ್ ಸಿಂಹಾಸನದ ಹಕ್ಕನ್ನು ಬಿಡದ ಬಿಗಿಯೂ ಇದೆ. ಎರಡು ಪತ್ರಗಳನ್ನೂ ಜೊತೆಯಾಗಿ ಓದದೆ ಅವನ ನಿಷ್ಠೆಯ ಸ್ವರೂಪವನ್ನು ನಿರ್ಣಯಿಸಬೇಡಿ.

ಮುತ್ತಿಗೆ ದೀರ್ಘವಾಗಿರಲಿಲ್ಲ. ಶರಣಾಗುವಂತೆ ಡೊಡೊ ಮತ್ತೆ ಮತ್ತೆ ಹೇಳಿಕಳುಹಿಸಿದರೂ ಶಿ ಕೆಫಾ ಒಪ್ಪಲಿಲ್ಲ. ಫಿರಂಗಿಗಳು ಗೋಡೆಯನ್ನು ಒಡೆದವು, ಸೆರೆಸಿಕ್ಕ ಅವನನ್ನು ಕೊಲ್ಲಲಾಯಿತು.

ಆಮೇಲೆ ನಡೆದ ಹತ್ಯಾಕಾಂಡಕ್ಕೆ ಬದುಕುಳಿದ ನಿವಾಸಿ ವಾಂಗ್ ಶಿಯುಚುವಿನ ಬರಹವೇ ಮುಖ್ಯ ಆಧಾರ. ಅದರಲ್ಲಿ ಅವನು ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿ ಗುರುತು ಹಾಕಿಕೊಳ್ಳಿ. ಬಚ್ಚಿಟ್ಟುಕೊಂಡ ಜಾಗಗಳು, ಸೈನಿಕರ ಬೆಳ್ಳಿಯ ಹಸಿವು, ಕುಟುಂಬದವರ ಸಾವು ಇವೆಲ್ಲ ಕಂಡದ್ದು. ಸತ್ತವರು ಎಂಟು ಲಕ್ಷ ಎಂಬುದು ಕೇಳಿದ್ದು, ಅದನ್ನು ಇತಿಹಾಸಕಾರರು ಅತಿಶಯವೆಂದೇ ಎಣಿಸುತ್ತಾರೆ. ರಕ್ಷಣೆಗೆಂದು ಮನೆಗಳಲ್ಲಿ ಇಳಿಸಿದ್ದ ಮಿಂಗ್ ಸೈನಿಕರ ಕಾಟದ ವಿವರವೂ ಅಲ್ಲಿದೆ. ಶಿ ಕೆಫಾನನ್ನು ಕೊಂಡಾಡುವವರು ಹಾರಿಸಿಬಿಡುವ ಭಾಗವದು, ನೀವು ಹಾರಿಸಬೇಡಿ.

ಕೊನೆಯದಾಗಿ, ಪ್ರತಿಯೊಂದು ಹೊಗಳಿಕೆಯ ಎದುರೂ ಅದು ಹುಟ್ಟಿದ ವರ್ಷವನ್ನು ಬರೆದುಕೊಳ್ಳಿ. ಶಿ ಕೆಫಾನ ದೇಹ ಸಿಗದೆ, ಯಾಂಗ್‌ಝೌನ ಮೆಯ್‌ಹುವಾ ದಿಬ್ಬದಲ್ಲಿ ಅವನ ಉಡುಪನ್ನು ಹೂಳಿದವನು ಅವನ ದತ್ತುಪುತ್ರನಂತಿದ್ದ ಶಿ ದೆವೆಯ್. ಆದರೆ 1776ರಲ್ಲಿ ಅವನಿಗೆ ಮರಣೋತ್ತರ ಬಿರುದು ಕೊಟ್ಟವನು ಅವನನ್ನು ಕೊಂದ ವಂಶದ ಚಕ್ರವರ್ತಿಯೇ ಆದ ಚಿಯೆನ್‌ಲೊಂಗ್. ಮಿಂಗ್ ಬಿಟ್ಟು ಚಿಂಗ್ ಸೇವೆಗೆ ಬಂದಿದ್ದ ಅಧಿಕಾರಿಗಳನ್ನು ಪ್ರತ್ಯೇಕ ಚರಿತ್ರೆಯಲ್ಲಿ ಸೇರಿಸಿ ಕಳಂಕ ಹೊರಿಸಿದವನೂ ಅವನೇ. ತನ್ನ ಅಧಿಕಾರಿಗಳಿಂದ ಅಂಥದೇ ನಿಷ್ಠೆಯನ್ನು ಬಯಸುವ ದೊರೆಗೆ ಸತ್ತ ಶತ್ರು ಬಹಳ ಉಪಯುಕ್ತ. ಚಿಂಗ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ವಾಂಗ್‌ನ ಬರಹ ಜಪಾನಿನಿಂದ ಮರಳಿ ಬಂದು, ಆ ವಂಶವನ್ನೇ ಉರುಳಿಸಲು ಹೊರಟ ಕ್ರಾಂತಿಕಾರಿಗಳ ಕೈಸೇರಿತು.