ಜೀಪು ಪಲ್ಟಿಯಾದ ಮೇಲೆ

ಕಾಫಿ ತೋಟದ ದಾರಿಯಲ್ಲಿ ಜೀಪು ಓಡಿಸುವವರಿಗೆ ಪಲ್ಟಿ ಅನ್ನೋದು ದೂರದ ಮಾತಲ್ಲ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಯಾರನ್ನು ಕೇಳಿದರೂ ಒಂದು ಕಥೆ ಹೇಳುತ್ತಾರೆ. ಆ ಕಥೆಗಳಲ್ಲಿ ಜೀಪು ಹೇಗೆ ಬಿತ್ತು ಅನ್ನೋದೇ ಜಾಸ್ತಿ, ಬಿದ್ದ ಮೇಲೆ ಏನು ಮಾಡಿದರು ಅನ್ನೋದು ಕಡಿಮೆ. ನಾನು ಬರೆಯಲು ಕೂತಿರೋದು ಆ ಎರಡನೇ ಭಾಗದ ಬಗ್ಗೆ. ನಿಧಾನಕ್ಕೆ ಹೋಗುವಾಗ ಜೀಪು ಒಂದು ಮಗ್ಗುಲಿಗೆ ಬಿದ್ದರೆ, ಬೆಲ್ಟ್ ಹಾಕಿದ್ದರೆ, ದೊಡ್ಡ ಪೆಟ್ಟಿಲ್ಲದೆ ಹೊರಗೆ ಬರಬಹುದು. ಆಮೇಲೆ ಗಾಬರಿಯಲ್ಲಿ ಹಾರಲು ಹೋಗಿ, ಸಿಕ್ಕಲ್ಲಿ ಹಗ್ಗ ಕಟ್ಟಿ ಎಳೆದು, ಎದ್ದ ಕೂಡಲೇ ಸ್ಟಾರ್ಟ್ ಹೊಡೆದು ಆಗುವ ಅನಾಹುತವೇ ಬೇರೆ.

ನನ್ನದು ಹಳೇ ಮಹೀಂದ್ರ ಎಂಎಂ 540. ಪ್ಯೂಜೊ ಡೀಸೆಲ್ ಎಂಜಿನ್, ಮೇಲೆ ಬರೀ ಟಾರ್ಪಾಲು. ಇಂಥ ಜೀಪಿಗೆ ತಲೆ ಮೇಲೆ ರಕ್ಷಣೆ ಅನ್ನೋದೇ ಇಲ್ಲ. ಅದಕ್ಕೆ ತಗೊಂಡ ವರ್ಷವೇ ಸೀಟಿನ ಹಿಂದೆ ದಪ್ಪ ಪೈಪಿನ ರೋಲ್ ಬಾರ್ ಹಾಕಿಸಿದೆ. ಅದರ ಕಾಲುಗಳನ್ನು ಬರೀ ಬಾಡಿ ತಗಡಿಗೆ ಬೋಲ್ಟ್ ಮಾಡಿದರೆ ಪ್ರಯೋಜನವಿಲ್ಲ. ಜೀಪಿನ ಭಾರ ಅದರ ಮೇಲೆ ಬಿದ್ದಾಗ ತಗಡು ಹರಿದು ಪೈಪು ಕೆಳಗೆ ಇಳಿಯುತ್ತೆ. ಕಾಲುಗಳು ಚಾಸಿವರೆಗೆ, ಅಂದರೆ ಬಾಡಿಯ ಅಡಿಯ ಉಕ್ಕಿನ ಚೌಕಟ್ಟಿನವರೆಗೆ, ಹೋಗಬೇಕು. ಜೊತೆಗೆ ಭುಜದ ಮೇಲೆ ಬರುವ ಬೆಲ್ಟ್. 2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್‌ಗೆ ಕಂಪನಿಯೇ ರೋಲ್ ಕೇಜ್, ಅಂದರೆ ಸೀಟುಗಳ ಸುತ್ತ ಪೈಪಿನ ಗೂಡು, ಕೊಟ್ಟಿದೆ. ಗಾಡಿಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಅದಕ್ಕೆ 4 ಸ್ಟಾರ್ ಬಂದಿದೆ ಅಂತ ಹೇಳಿ ಬೆಲ್ಟ್ ಹಾಕದೆ ಗುಡ್ಡ ಹತ್ತುವವರನ್ನು ನೋಡಿದ್ದೇನೆ. ಆ ಸ್ಟಾರ್ ಬಂದಿದ್ದು ಗುದ್ದಿಸಿ ನೋಡಿದ ಪರೀಕ್ಷೆಯಲ್ಲಿ, ಪಲ್ಟಿ ಹೊಡೆಸಿ ಅಲ್ಲ. ಕೇಜ್ ಎಷ್ಟೇ ಗಟ್ಟಿ ಇದ್ದರೂ ನೀವು ಅದರ ಒಳಗೆ ಉಳಿದರೆ ಮಾತ್ರ ಅದರಿಂದ ಉಪಯೋಗ.

ಇಳಿಜಾರಿನ ಲೆಕ್ಕ ಸರಳ. ಎಡಬಲ ಚಕ್ರಗಳ ನಡುವಿನ ಅಗಲದಲ್ಲಿ ಅರ್ಧ ಎಷ್ಟು, ಜೀಪಿನ ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರ, ಇವೆರಡೂ ಸಮ ಇದ್ದರೆ ಕಾಗದದ ಮೇಲೆ 45 ಡಿಗ್ರಿಗೆ ವಾಲಿದಾಗ ಜೀಪು ಮಗುಚುತ್ತೆ. ಆದರೆ ಅದು ಅಲ್ಲಾಡದೆ ನಿಂತ ಜೀಪಿನ ಲೆಕ್ಕ. ಓಡುವಾಗ ಕೆಳಬದಿಯ ಸ್ಪ್ರಿಂಗ್ ಪಟ್ಟಿ ಕುಗ್ಗುತ್ತೆ, ಮೇಲಿನ ಚಕ್ರ ಕಲ್ಲು ಹತ್ತುತ್ತೆ, ಹಿಂದೆ ಇಟ್ಟ ಗೊಬ್ಬರದ ಚೀಲ ಕೆಳಗೆ ಜಾರುತ್ತೆ. ಮೂರೂ ಒಟ್ಟಿಗೆ ಆದರೆ ಅದರ ಅರ್ಧಕ್ಕೇ ಕೆಲಸ ಕೆಟ್ಟಿತು. ನಾನು ಡ್ಯಾಶ್‌ಬೋರ್ಡಿನಲ್ಲಿ ವಾಲು ತೋರಿಸುವ ಮೀಟರ್ ಹಾಕಿಕೊಂಡಿದ್ದೇನೆ. ಅಡ್ಡಕ್ಕೆ 20 ಡಿಗ್ರಿ ದಾಟಿದರೆ ಇಳಿದು ಬೇರೆ ದಾರಿ ನೋಡುತ್ತೇನೆ. ಛಾವಣಿ ಕ್ಯಾರಿಯರ್ ಮೇಲೆ ಭಾರ ಹೇರುವವರಿಗೆ ಈ ಮಿತಿ ಇನ್ನೂ ಕಡಿಮೆ.

ಗುಡ್ಡವನ್ನು ಅಡ್ಡ ಸೀಳಬೇಡಿ. ಏರಿದರೆ ನೇರ ಏರಿ, ಇಳಿದರೆ ನೇರ ಇಳಿಯಿರಿ. ಅರ್ಧ ಏರಿನಲ್ಲಿ ನಿಂತುಹೋದರೆ ತಿರುಗಿಸಲು ಹೋಗಲೇಬೇಡಿ, ಪಲ್ಟಿಯಾಗೋದು ಬಹಳ ಸಲ ಅಲ್ಲೇ. ಲೋ ರೇಂಜಿನಲ್ಲಿ (ಜೀಪು ನಿಧಾನಕ್ಕೆ, ಹೆಚ್ಚು ಬಲದಲ್ಲಿ ಹೋಗುವ ಫೋರ್ ವೀಲ್ ಗೇರಿನಲ್ಲಿ) ರಿವರ್ಸ್ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಎಂಜಿನ್ ಹಿಡಿತದಲ್ಲೇ ಹತ್ತಿದ ಗೆರೆಯಲ್ಲೇ ವಾಪಸ್ ಇಳಿಯಬೇಕು. ಅಡ್ಡ ಹೋಗಲೇಬೇಕಾದ ಕಡೆ ಹಿಂಭಾಗ ಜಾರಲು ಶುರುವಾದರೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತೆ, ಅದನ್ನು ಕೇಳಬಾರದು. ಕೆಳಗೆ ಜಾಗ ಖಾಲಿ ಇದ್ದರೆ ಮಾತ್ರ ಇದು ಸಾಧ್ಯ. ಅದಕ್ಕೇ ಮೊದಲು ಇಳಿದು ನಡೆದು ನೋಡೋದು.

ಹೆತ್ತೂರು ಕಡೆಯ ತೋಟದಲ್ಲಿ ನಮ್ಮ ಜೀಪು ಬಿದ್ದ ದಿನ ಇಷ್ಟೂ ಪಾಲಿಸಿದ್ದೆವು. ಜುಲೈ ಮಳೆ, ದಾರಿ ಸಮತಟ್ಟಾಗಿಯೇ ಇತ್ತು. ಆದರೆ ಎಡಗಡೆ ಅಂಚಿನ ಅಡಿಯಲ್ಲಿ ನೀರು ನುಗ್ಗಿ ಮಣ್ಣನ್ನು ಒಳಗಿಂದಲೇ ಕೊರೆದಿತ್ತು. ಮೇಲೆ ಹುಲ್ಲು ಹಾಗೇ ಇತ್ತು. ಅಂಚು ಕುಸಿದಾಗ ಜೀಪು ಎಡಕ್ಕೆ ವಾಲಿತು. ವಾಲುತ್ತಾ ಇರೋದು ಗೊತ್ತಾಗುವಷ್ಟು ಹೊತ್ತು ಇರುತ್ತೆ, ತಡೆಯುವಷ್ಟು ಇರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಭಾವನ ಕೈ ಹೊರಗೆ ಹೋಗೋದು ಕಂಡಿತು. ಯಾರಿಗಾದರೂ ಹಾಗೇ ಆಗುತ್ತೆ, ಬೀಳುವ ಕಡೆ ಕೈ ಊರಲು ಹೋಗುತ್ತೇವೆ. "ಕೈ ಒಳಗೆ ತಗೊಳ್ಳಿ ಭಾವ!" ಅಂತ ಕೂಗಿದೆ. ಅವರು ಎರಡೂ ಕೈಯಲ್ಲಿ ಎದೆ ಮೇಲಿನ ಬೆಲ್ಟ್ ಹಿಡಿದುಕೊಂಡರು. ಜೀಪು ಎಡ ಮಗ್ಗುಲಿಗೆ ಬಿದ್ದು, ನಾಲ್ಕು ಮಾರು ಜಾರಿ, ಕಾಫಿ ಗಿಡಗಳಿಗೆ ಒರಗಿ ನಿಂತಿತು. ಕೈ ಹೊರಗೆ ಇದ್ದಿದ್ದರೆ ರೋಲ್ ಬಾರಿನ ಅಡಿಗೆ ಸಿಕ್ಕುತ್ತಿತ್ತು.

ಎಂಜಿನ್ ಇನ್ನೂ ಓಡುತ್ತಿತ್ತು. ಇದನ್ನು ಹಳೇ ಡೀಸೆಲ್ ಜೀಪಿನವರು ಗಮನವಿಟ್ಟು ಓದಬೇಕು. ನಮ್ಮ ಜೀಪಿನಲ್ಲಿ ಕೀ ತಿರುಗಿಸಿದರೆ ಎಂಜಿನ್ ನಿಲ್ಲೋದಿಲ್ಲ, ಸ್ಟಾಪ್ ನಾಬ್ ಎಳೆಯಬೇಕು. ಮಗ್ಗುಲಾಗಿ ಮಲಗಿದ ಡೀಸೆಲ್ ಎಂಜಿನ್ ಓಡುತ್ತಲೇ ಇದ್ದರೆ ಎಂಜಿನ್ ಅಡಿಯ ಸಂಪಿನಲ್ಲಿರುವ ಆಯಿಲ್, ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಗಾಳಿ ದಾರಿಗೆ ಹೋಗಿ, ಅದನ್ನೇ ಉರಿಸುತ್ತಾ ತಾನೇ ರೇಸ್ ಆಗಲು ಶುರು ಮಾಡಬಹುದು. ಆಗ ನಾಬ್ ಎಳೆದರೂ ನಿಲ್ಲೋದಿಲ್ಲ, ಗಾಳಿ ಬರುವ ಬಾಯನ್ನೇ ಮುಚ್ಚಬೇಕಾಗುತ್ತೆ. ನಾಬ್ ಎಳೆದೆ, ನಿಂತಿತು. ಆಮೇಲೆ ಕೀ ಆಫ್.

ಬೆಲ್ಟ್ ಬಿಚ್ಚೋದಕ್ಕೂ ಒಂದು ಕ್ರಮ ಇದೆ. ನಾನು ಮೇಲಿನ ಬದಿ, ಬೆಲ್ಟಿನಲ್ಲಿ ನೇತಾಡುತ್ತಿದ್ದೆ. ಭಾವ ಕೆಳಗೆ. ನಾನು ಮೊದಲು ಬಿಚ್ಚಿದ್ದರೆ ಪೂರ್ತಿ ಭಾರ ಅವರ ಕತ್ತಿನ ಮೇಲೆ. ಆದ್ದರಿಂದ ಮೊದಲು ಅವರನ್ನು ಮಾತಾಡಿಸಿದೆ. ಕತ್ತು ನೋಯುತ್ತಾ, ಕೈಕಾಲು ಬೆರಳು ಆಡುತ್ತಾ, ಜೋಮು ಹಿಡಿದಿದೆಯಾ ಅಂತ ಕೇಳಿದೆ. ಭುಜ ಒಂದು ನೋಯ್ತಿದೆ ಅಂದರು. ಕತ್ತು ನೋವು ಅಥವಾ ಜೋಮು ಅಂದಿದ್ದರೆ ಅಲ್ಲಾಡಿಸದೆ ಅಲ್ಲೇ ಬಿಟ್ಟು 108ಕ್ಕೆ ಹೇಳಿಕಳಿಸುತ್ತಿದ್ದೆ. ಬೆಂಕಿ ಹತ್ತುವ ಭಯ ಇದ್ದರೆ ಮಾತ್ರ ಬೇರೆ ವಿಷಯ. ಅವರು ಬೆಲ್ಟ್ ಬಿಚ್ಚಿ ಹಿಂದಿನ ಟಾರ್ಪಾಲು ಎತ್ತಿ ತೆವಳಿ ಹೋದರು. ನಾನು ಎರಡೂ ಪಾದ ಗೇರ್ ಬಾಕ್ಸಿನ ಗೂಡಿಗೆ ಊರಿ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಿಂದ ಬಕಲ್ ಒತ್ತಿದೆ. ಕಾಲೂರದೆ ಒತ್ತಿದರೆ ತಲೆ ಕೆಳಗಾಗಿ ಬೀಳೋದೇ. ಜೀಪಿನ ಕೆಳಬದಿಗೆ ಹೋಗದೆ ಹಿಂದಿನಿಂದ ಹೊರಬಂದು ಮೇಲಕ್ಕೆ ಹತ್ತಿದೆವು. ಒರಗಿ ನಿಂತ ಜೀಪು ಯಾವಾಗ ಮತ್ತೆ ಜಾರುತ್ತೋ ಗೊತ್ತಿರೋದಿಲ್ಲ.

ಡೀಸೆಲ್ ಟ್ಯಾಂಕಿನ ಮುಚ್ಚಳದಿಂದ ತೊಟ್ಟಿಕ್ಕುತ್ತಿತ್ತು, ಬ್ಯಾಟರಿ ಆಸಿಡ್ ವಾಸನೆ ಬರುತ್ತಿತ್ತು. ಸ್ಪ್ಯಾನರ್ ತಂದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಅಷ್ಟರಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆಯಿಂದ ಜನ ಓಡಿ ಬಂದರು. ಸಹಾಯಕ್ಕೆ ಬಂದವರೆಲ್ಲ ಜೀಪಿನ ಕೆಳಬದಿಗೇ ಹೋಗಿ ನಿಂತು ಕೈಯಲ್ಲಿ ಎತ್ತಲು ನೋಡುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಒಂದೂವರೆ ಟನ್ ಹತ್ತಿರದ ತೂಕ ಅದು. ಎಲ್ಲರನ್ನೂ ದಾರಿಗೆ ಹತ್ತಿಸಿದ ಮೇಲೇ ಮುಂದಿನ ಮಾತು. ಬೀಡಿ ಹಚ್ಚಬೇಡಿ ಅಂತಲೂ ಹೇಳಬೇಕಾಯಿತು. ಎತ್ತುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ, ವಿಮೆಯವರು ಕೇಳುತ್ತಾರೆ.

"ಜೆಸಿಬಿ ಕರೆಸೋಣ" ಅನ್ನೋದು ಮೊದಲು ಬರುವ ಸಲಹೆ. ಬೇಡ ಅಂದೆ. ಬಕೆಟ್ ಹಲ್ಲಿಗೆ ಚೈನು ಸಿಕ್ಕಿಸಿ ಎತ್ತಿದರೆ ಜೀಪು ಏಳುತ್ತೆ ನಿಜ, ಬಾಡಿ ತಿರುಚಿಕೊಂಡೇ ಏಳುತ್ತೆ. ಅದಕ್ಕಿಂತ ಹೆಚ್ಚಾಗಿ, ಆ ಕೊರೆದ ದಾರಿ ಜೆಸಿಬಿ ಭಾರ ತಡೆಯುತ್ತಿರಲಿಲ್ಲ. ಪಕ್ಕದ ತೋಟದ ಗೆಳೆಯನ ಜೀಪಿನಲ್ಲಿ ಕೇಬಲ್ ಸುತ್ತಿಕೊಂಡು ಎಳೆಯುವ ವಿಂಚ್ ಇತ್ತು, ಅವನನ್ನು ಕರೆಸಿದೆವು. ವಿಂಚ್ ಇಲ್ಲದ ಕಡೆ ಟ್ರಾಕ್ಟರಿನಲ್ಲಿ ಎಳೆಯುತ್ತಾರೆ. ಎಳೆಯಿರಿ, ಆದರೆ ಹಗ್ಗವನ್ನು ಟ್ರಾಕ್ಟರಿನ ಹಿಂದಿನ ಆಕ್ಸಲ್‌ಗಿಂತ ಕೆಳಗಿರುವ ಡ್ರಾಬಾರಿಗೇ ಕಟ್ಟಿ. ಮೇಲಿನ ಲಿಂಕಿಗೆ ಕಟ್ಟಿ ಎಳೆದರೆ ಟ್ರಾಕ್ಟರಿನ ಮೂತಿ ಮೇಲೆದ್ದು ಅದೇ ಹಿಂದಕ್ಕೆ ಮಗುಚುತ್ತೆ. ಡ್ರೈವರಿಗೆ ಹಾರುವಷ್ಟೂ ಸಮಯ ಸಿಗುವುದಿಲ್ಲ.

ಮೊದಲ ಕೆಲಸ ಎತ್ತೋದಲ್ಲ, ಜಾರದ ಹಾಗೆ ಕಟ್ಟೋದು. ಚಾಸಿಗೆ ಬೆಲ್ಟ್ ಹಾಕಿ, ಮರ ಸಾಗಿಸಲು ಬಳಸುವ ಚೈನ್ ಪುಲ್ಲಿಯಿಂದ ದಾರಿಯ ಮೇಲ್ಬದಿಯ ಮರಕ್ಕೆ ಬಿಗಿದೆವು. ಹತ್ತಿರದಲ್ಲೇ ಸಿಲ್ವರ್ ಓಕ್ ಇತ್ತು. ಗಾಳಿಗೆ ಮುರಿದು ಬೀಳುವ ಮರ ಅದು, ಅದನ್ನು ನಾನು ನಂಬುವುದಿಲ್ಲ. ಸ್ವಲ್ಪ ಮೇಲಿದ್ದ ಹಲಸಿನ ಮರಗಳನ್ನು ಆರಿಸಿಕೊಂಡೆವು. ಕಾಂಡಕ್ಕೆ ಅಗಲ ಪಟ್ಟಿಯ ಬೆಲ್ಟನ್ನು ಬುಡದ ಹತ್ತಿರವೇ ಸುತ್ತಬೇಕು. ಬರೀ ಕೇಬಲ್ ಸುತ್ತಿದರೆ ತೊಗಟೆ ಕತ್ತರಿಸಿ ಮರವೂ ಹಾಳು, ಕೇಬಲ್ಲೂ ಹಾಳು.

ಜೀಪಿನ ಅಡಿಭಾಗ ದಾರಿಯ ಕಡೆಗಿತ್ತು, ತಲೆ ಕಣಿವೆಯ ಕಡೆಗೆ. ಅಂದರೆ ಆಕಾಶಕ್ಕೆ ಎದ್ದು ನಿಂತ ಬಲಬದಿಯನ್ನು ದಾರಿಯ ಕಡೆಗೆ ಎಳೆದರೆ ಅದು ಎಡಚಕ್ರಗಳ ಮೇಲೆ ತಿರುಗಿ ಕೂರಬೇಕು. ಬಲಗಡೆ ಚಾಸಿ ರೈಲಿಗೆ ಮುಂದೊಂದು ಹಿಂದೊಂದು ಶ್ಯಾಕಲ್ (ಕಬ್ಬಿಣದ ಕೊಂಡಿ) ಹಾಕಿ, ಎರಡರಿಂದಲೂ ಬೆಲ್ಟ್ ತಂದು ಒಂದೇ ಕಡೆ ಸೇರಿಸಿದೆವು. ಒಂದೇ ಕಡೆ ಎಳೆದರೆ ಜೀಪು ಏಳುವ ಬದಲು ಗಿರಗಿರ ತಿರುಗುತ್ತೆ. ಬಂಪರಿಗೆ, ಸ್ಟೇರಿಂಗ್ ರಾಡಿಗೆ ಯಾವತ್ತೂ ಕಟ್ಟಬಾರದು. ನೆಲಕ್ಕೆ ತಾಗಿದ್ದ ಎಡಚಕ್ರಗಳಿಗೆ ಗುದ್ದಲಿಯಿಂದ ಸಣ್ಣ ಕಾಲುವೆ ಕೆತ್ತಿದೆವು. ಚಕ್ರದ ಅಂಚು ಅದರಲ್ಲಿ ಕೂತರೆ ಜೀಪು ಮಲಗಿದ ಹಾಗೇ ಎಳೆದುಕೊಂಡು ಬರುವುದಿಲ್ಲ. ಇನ್ನೊಂದು ಹಗ್ಗವನ್ನು ರೋಲ್ ಬಾರಿಗೆ ಕಟ್ಟಿ, ಕೆಳಗಿನ ಮರವೊಂದಕ್ಕೆ ಎರಡು ಸುತ್ತು ಹಾಕಿ, ಪಕ್ಕಕ್ಕೆ ದೂರ ನಿಂತು ಹಿಡಿದುಕೊಳ್ಳಲು ಒಬ್ಬರಿಗೆ ಕೊಟ್ಟೆವು. ಜೀಪು ಅರ್ಧ ಎದ್ದ ಮೇಲೆ ತನ್ನ ಭಾರಕ್ಕೇ ದಬಕ್ ಅಂತ ಬೀಳುತ್ತೆ. ಈ ಹಗ್ಗ ಸಡಿಲ ಬಿಡುತ್ತಾ ಬಂದರೆ ನಿಧಾನಕ್ಕೆ ಕೂರುತ್ತೆ.

ವಿಂಚಿನ ಜೀಪನ್ನು ದಾರಿಯ ಉದ್ದಕ್ಕೆ ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನಿಂದ ಇನ್ನೊಂದು ಮರಕ್ಕೆ ಕಟ್ಟಿದೆವು. ಕೇಬಲ್ ಹಲಸಿನ ಮರದಲ್ಲಿದ್ದ ಪುಲ್ಲಿಯ ಮೂಲಕ ತಿರುಗಿ ನಮ್ಮ ಜೀಪಿಗೆ ಬರುತ್ತಿತ್ತು. ಹೀಗೆ ತಿರುಗಿಸಿದಾಗ ಕೇಬಲ್ಲಿನ ಎರಡೂ ಕಡೆಯ ಎಳೆತ ಆ ಮರದ ಮೇಲೇ ಬೀಳುತ್ತೆ. ಮರ ಗಟ್ಟಿ ಇರಬೇಕು ಅಂದಿದ್ದು ಅದಕ್ಕೆ. ಕೇಬಲ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು, ತುಂಡಾದರೆ ಅದು ಚಾಟಿಯಂತೆ ಹಾರೋದನ್ನು ಚೀಲದ ಭಾರ ತಗ್ಗಿಸುತ್ತೆ. ಕೇಬಲ್ಲಿನ ಉದ್ದಕ್ಕಿಂತ ದೂರ ಎಲ್ಲರೂ. ಪುಲ್ಲಿಯ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದು. ಸೂಚನೆ ಕೊಡೋದು ಒಬ್ಬರೇ, ಅವತ್ತು ಭಾವ. "ಬಿಡಿ... ಬಿಡಿ... ನಿಲ್ಲಿಸಿ" ಅಂತ ಅವರೊಬ್ಬರದೇ ದನಿ. ಎಳೆದು ಎಳೆದು ಜರ್ಕ್ ಕೊಡುವ ರಬ್ಬರಿನಂತಹ ಹಗ್ಗಗಳು ಕೆಸರಲ್ಲಿ ಹೂತ ಗಾಡಿಗೆ ಸರಿ, ಮಲಗಿದ ಗಾಡಿ ಎತ್ತಲು ಅಲ್ಲ.

ಜೀಪು ನಾಲ್ಕು ಚಕ್ರದ ಮೇಲೆ ನಿಂತಾಗ ಎಲ್ಲರೂ ಚಪ್ಪಾಳೆ ಹೊಡೆದರು. ಯಾರೋ "ಒಂದು ಸೆಲ್ಫ್ ಹೊಡೀರಿ ಅಣ್ಣ" ಅಂದರು. ಇಲ್ಲೇ ಎಂಜಿನ್ ಕಳೆದುಕೊಳ್ಳೋದು. ಮಲಗಿದ್ದಾಗ ಆಯಿಲ್ ಸಿಲಿಂಡರಿಗೆ ಇಳಿದಿರುತ್ತೆ. ಗಾಳಿಯನ್ನು ಪಿಸ್ಟನ್ ಒತ್ತಬಹುದು, ಆಯಿಲನ್ನು ಒತ್ತಲು ಆಗೋದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ನಮ್ಮ ಜೀಪಿಗೆ ಇನ್ನೊಂದು ಅಪಾಯ, ಅದರ ಏರ್ ಫಿಲ್ಟರೇ ಆಯಿಲ್ ತುಂಬಿದ ಬಟ್ಟಲು. ಬಿಚ್ಚಿ ನೋಡಿದರೆ ಬಟ್ಟಲು ಖಾಲಿ, ಪೈಪಿನ ಒಳಗೋಡೆ ಪೂರ್ತಿ ಕಪ್ಪಗೆ ಹೊಳೆಯುತ್ತಿತ್ತು. ಬಟ್ಟೆ ತುರುಕಿ ಒರೆಸಿದಷ್ಟೂ ಬಂತು. ಸಿಲಿಂಡರಿಗೆ ಒಂದೊಂದರಂತೆ ಇರುವ ಹೀಟರ್ ಪ್ಲಗ್‌ಗಳನ್ನು ಬಿಚ್ಚಿ, ಮೊದಲು ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ. ಎರಡು ತೂತುಗಳಿಂದ ಆಯಿಲ್ ಗುಳುಗುಳು ಬಂತು. ಬ್ಯಾಟರಿ ತೊಳೆದು ತಂತಿ ಹಾಕಿ, ತೂತುಗಳ ಮೇಲೆ ಬಟ್ಟೆ ಮುಚ್ಚಿ, ದೂರ ಸರಿದು ಸೆಲ್ಫ್ ಹೊಡೆದಾಗ ಉಳಿದದ್ದೂ ಹಾರಿತು. ಆಮೇಲೆ ಪ್ಲಗ್ ಹಾಕಿ, ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್ ನೋಡಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತು ದಟ್ಟ ಬಿಳಿ ಹೊಗೆ ಬಂದು ನಿಂತಿತು.

ಬ್ರೇಕ್ ಪೆಡಲು ಮೆತ್ತಗಾಗಿತ್ತು, ಗಾಳಿ ಸೇರಿತ್ತು. ಸ್ಟೇರಿಂಗಿನ ಡ್ರ್ಯಾಗ್ ಲಿಂಕ್, ಸ್ಪ್ರಿಂಗ್ ಪಟ್ಟಿಯ ಯು ಬೋಲ್ಟ್‌ಗಳನ್ನು ಮೆಕ್ಯಾನಿಕ್ ನೋಡುವ ತನಕ ಆ ಜೀಪನ್ನು ಟಾರ್ ರಸ್ತೆಗೆ ಹತ್ತಿಸಲಿಲ್ಲ.

ಭಾವ "ನಂಗೇನಾಗಿಲ್ಲ ಬಿಡಿ" ಅಂತಲೇ ಇದ್ದರು. ಬಿದ್ದ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ. ಅದೇ ಸಂಜೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಭುಜದ ಮುಂದಿನ ಕೊರಳೆಲುಬಿನಲ್ಲಿ (ಕಾಲರ್ ಬೋನ್) ಸಣ್ಣ ಬಿರುಕು ಇತ್ತು. ಬೆಲ್ಟ್ ಹಿಡಿದ ಜಾಗ ಅದು. ಆ ರಾತ್ರಿ ಅವರನ್ನು ಒಂಟಿಯಾಗಿ ಮಲಗಲು ಬಿಡಲಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ ವಾಂತಿ, ಮಂಪರು, ಮಾತು ತೊದಲೋದು ಎಷ್ಟೋ ಹೊತ್ತಿನ ಮೇಲೆ ಶುರುವಾಗಬಹುದು. ಹಾಗಾದರೆ ಬೆಳಗಾಗಲಿ ಅಂತ ಕಾಯಬಾರದು.

ಈಗ ಮಳೆಗಾಲ ಶುರುವಾಗುವ ಮುಂಚೆ ತೋಟದ ದಾರಿಯ ಅಂಚನ್ನೆಲ್ಲ ಹಾರೆಯಿಂದ ಚುಚ್ಚಿ ನೋಡುತ್ತೇವೆ. ಹಾರೆ ಸಲೀಸಾಗಿ ಇಳಿದ ಕಡೆ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟುತ್ತೇವೆ, ಅಲ್ಲಿ ಚಕ್ರ ಒಳಬದಿಯಲ್ಲೇ ಹೋಗಬೇಕು. ಬೆಂಕಿ ಆರಿಸುವ ಸಿಲಿಂಡರು ಮೊದಲು ಹಿಂದಿನ ಸೀಟಿನಡಿ ಇತ್ತು, ಈಗ ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗುವ ಹಾಗೆ ಸೀಟಿನ ಪಕ್ಕ ಪಟ್ಟಿ ಹಾಕಿ ಕೂರಿಸಿದ್ದೇನೆ. ಸ್ಟಾಪ್ ನಾಬ್‌ಗೆ ಕೆಂಪು ಬಣ್ಣ ಹೊಡೆದಿದ್ದೇನೆ. ಪಕ್ಕದಲ್ಲಿ ಕೂರುವವರು ಯಾರೇ ಆಗಲಿ, ಹೊರಡುವ ಮೊದಲು ಒಂದು ಸಲ ಅವರ ಕೈಯಿಂದಲೇ ಅದನ್ನು ಎಳೆಸಿ ಎಂಜಿನ್ ನಿಲ್ಲಿಸಿ ತೋರಿಸುತ್ತೇನೆ.