ಡೆಸ್ಕ್‌ಟಾಪ್ ತುಂಬಾ ಐಕಾನಾ? ಡಿಲೀಟ್ ಮಾಡ್ಬೇಡಿ, ಅಡಗಿಸಿಡಿ

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯಲ್ಲಿ ಒಂದೇ ಕಂಪ್ಯೂಟರನ್ನು ಮನೆಯವರೆಲ್ಲ ಸೇರಿ ಬಳಸುವ ಮನೆಗಳು ತುಂಬಾ ಉಂಟು. ಮಗಳ ಸ್ಕೂಲ್ ಪ್ರಾಜೆಕ್ಟು, ಅಪ್ಪನ ಅಡಿಕೆ ಲೆಕ್ಕದ ಎಕ್ಸೆಲ್ ಶೀಟು, ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಸೇವೆ ಸಿಗುವ ಕೇಂದ್ರ) ಬೇಕು ಅಂತ ಸ್ಕ್ಯಾನ್ ಮಾಡಿಟ್ಟ ರೇಷನ್ ಕಾರ್ಡು, ತೀರ್ವೆ ರಶೀದಿ, ಆಟದ ವಿಡಿಯೋ, ಎಲ್ಲ ಬಂದು ಬೀಳುವುದು ಡೆಸ್ಕ್‌ಟಾಪಿಗೇ. ಬೇಕಲ ಕೋಟೆಯ ಒಳ್ಳೆ ಫೋಟೋ ವಾಲ್‌ಪೇಪರ್ ಹಾಕಿದ್ರೂ ಕೋಟೆ ಕಾಣುವುದಿಲ್ಲ, ಐಕಾನೇ ಕಾಣುವುದು. ಆಗ ಯಾರಾದ್ರೂ ಒಬ್ರು ಕೂತು ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ ಬಿಡ್ತಾರೆ, ಅದು ಮಾತ್ರ ದಯವಿಟ್ಟು ಬೇಡ.

ಯಾಕೆ ಅಂದ್ರೆ ಡೆಸ್ಕ್‌ಟಾಪಲ್ಲಿ ಎರಡು ಜಾತಿಯ ಐಕಾನ್ ಇರ್ತದೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದ್ರೆ ಅದು ಶಾರ್ಟ್‌ಕಟ್, ಅಂದ್ರೆ ಬರೀ ದಾರಿ ತೋರಿಸುವ ಬೋರ್ಡು, ತೆಗೆದ್ರೂ ಪ್ರೋಗ್ರಾಮ್ ಎಲ್ಲಿಗೂ ಹೋಗುವುದಿಲ್ಲ. ಬಾಣ ಇಲ್ಲದ ಪಿಡಿಎಫ್, ಫೋಟೋ, ಫೋಲ್ಡರ್ ಎಲ್ಲ ಅಸಲಿ ಫೈಲು, ಡಿಲೀಟ್ ಮಾಡಿದ್ರೆ ರಿಸೈಕಲ್ ಬಿನ್‌ಗೆ ಹೋಗ್ತದೆ, ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿದ್ರೆ ಅಲ್ಲಿಗೂ ಹೋಗುವುದಿಲ್ಲ, ಸೀದಾ ಹೋಯ್ತು. ಹಾಗಾಗಿ ಮೊದಲು ಬಾಣ ಉಂಟಾ ಇಲ್ವಾ ನೋಡಿ, ಆಮೇಲೆ ಕೈ ಹಾಕಿ.

ಒಟ್ಟಿಗೇ ಎಲ್ಲವನ್ನೂ ಅಡಗಿಸುವುದು ತುಂಬಾ ಸುಲಭ. ಡೆಸ್ಕ್‌ಟಾಪಲ್ಲಿ ಖಾಲಿ ಇರುವ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ (ಲ್ಯಾಪ್‌ಟಾಪ್ ಆದ್ರೆ ಟಚ್‌ಪ್ಯಾಡ್ ಮೇಲೆ ಎರಡು ಬೆರಳಲ್ಲಿ ಒಮ್ಮೆ ತಟ್ಟಿದ್ರೆ ಸಾಮಾನ್ಯವಾಗಿ ಅದೇ ಮೆನು ಬರ್ತದೆ), ವ್ಯೂ ಅಂತ ಉಂಟು, ಅದರೊಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಅಂತ ಇರುವುದರ ಟಿಕ್ ತೆಗೆಯಿರಿ. ಅಷ್ಟೇ, ಕೋಟೆ ಪೂರ್ತಿ ಕಾಣ್ತದೆ. ವಿಂಡೋಸ್ 10ರಲ್ಲೂ 11ರಲ್ಲೂ ಹೀಗೇ. ಬೇಕಾದಾಗ ಅದೇ ಟಿಕ್ ವಾಪಸ್ ಹಾಕಿದ್ರೆ ಎಲ್ಲ ಬರ್ತದೆ. ಒಂದು ಫೈಲೂ ಡಿಲೀಟ್ ಆಗಿರುವುದಿಲ್ಲ, ಫೈಲ್ ಎಕ್ಸ್‌ಪ್ಲೋರರ್ ತೆಗೆದು ಡೆಸ್ಕ್‌ಟಾಪ್ ಅನ್ನುವ ಫೋಲ್ಡರ್ ನೋಡಿ, ಎಲ್ಲ ಅಲ್ಲೇ ಕೂತಿರ್ತದೆ. ಎಕ್ಸ್‌ಪ್ಲೋರರ್ ತೆಗೀಲಿಕ್ಕೆ ವಿಂಡೋಸ್ ಕೀ ಮತ್ತು ಇ ಒತ್ತಿ ಸಾಕು.

ಅಡಗಿಸಿದ ಮೇಲೆ ಪ್ರೋಗ್ರಾಮ್ ತೆಗೆಯುವುದು ಹೇಗೆ ಅಂತ ಕೇಳ್ಬಹುದು. ದಿನಾ ಬೇಕಾದದ್ದನ್ನು ಟಾಸ್ಕ್‌ಬಾರಿಗೆ (ಸ್ಕ್ರೀನಿನ ಕೆಳಗಿನ ಪಟ್ಟಿ) ಪಿನ್ ಮಾಡಿ, ಆಮೇಲೆ ವಿಂಡೋಸ್ ಕೀ ಜೊತೆ 1 ಒತ್ತಿದ್ರೆ ಮೊದಲನೇದು, 2 ಒತ್ತಿದ್ರೆ ಎರಡನೇದು ತೆರೆಯುತ್ತದೆ. ನನಗೆ ಇದಕ್ಕಿಂತಲೂ ಇಷ್ಟ ಇನ್ನೊಂದು. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದ್ರೆ ಶಾರ್ಟ್‌ಕಟ್ ಕೀ ಅಂತ ಒಂದು ಬಾಕ್ಸ್ ಉಂಟು, ಅಲ್ಲಿ ಕ್ಲಿಕ್ ಮಾಡಿ ಒಂದು ಅಕ್ಷರ ಒತ್ತಿ, ಕಂಟ್ರೋಲ್ ಆಲ್ಟ್ ಜೊತೆಗೆ ಆ ಅಕ್ಷರ ಅಂತ ತಾನಾಗಿ ಬರ್ತದೆ, ಓಕೆ ಕೊಡಿ. ಶಾರ್ಟ್‌ಕಟ್ ಡೆಸ್ಕ್‌ಟಾಪಲ್ಲಿ ಇರುವಷ್ಟು ಕಾಲ ಐಕಾನ್ ಕಣ್ಣಿಗೆ ಕಾಣದಿದ್ರೂ ಈ ಕೀ ಕೆಲಸ ಮಾಡ್ತದೆ.

ರಿಸೈಕಲ್ ಬಿನ್, ದಿಸ್ ಪಿಸಿ ಇಂಥವು ಮಾತ್ರ ಬೇಡ ಅಂತಾದ್ರೆ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಥೀಮ್ಸ್, ಅಲ್ಲಿಂದ ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್. ಬೇಡದ್ದರ ಟಿಕ್ ತೆಗೆದು ಅಪ್ಲೈ ಕೊಡಿ.

ಈಗ ಜಾಸ್ತಿ ತಲೆ ತಿನ್ನುವ ವಿಷಯ. ಮನೆಯಲ್ಲಿ ಒಬ್ಬೊಬ್ರಿಗೂ ಬೇರೆ ಬೇರೆ ಅಕೌಂಟ್ ಮಾಡಿಟ್ರೂ ಕೆಲವು ಶಾರ್ಟ್‌ಕಟ್ ಎಲ್ಲರ ಡೆಸ್ಕ್‌ಟಾಪಲ್ಲೂ ಬಂದು ಕೂರ್ತದೆ, ಅಮ್ಮನ ಅಕೌಂಟಲ್ಲಿ ಡಿಲೀಟ್ ಮಾಡಿದ್ರೆ ಅಡ್ಮಿನ್ (ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವ ಅಕೌಂಟ್) ಪರ್ಮಿಶನ್ ಕೇಳ್ತದೆ, ಕೊಟ್ರೆ ಮಗನ ಡೆಸ್ಕ್‌ಟಾಪಿಂದಲೂ ಹೋಗ್ತದೆ, ಆಮೇಲೆ ಮನೆಯಲ್ಲಿ ಜಗಳ. ಇದಕ್ಕೆ ಕಾರಣ ಆ ಶಾರ್ಟ್‌ಕಟ್ ಇರುವುದು ಪಬ್ಲಿಕ್ ಡೆಸ್ಕ್‌ಟಾಪ್ ಅನ್ನುವ ಫೋಲ್ಡರಲ್ಲಿ, ಅದರಲ್ಲಿ ಇರುವುದು ಎಲ್ಲ ಅಕೌಂಟಿಗೂ ಕಾಣ್ತದೆ. ಮೊದಲು ಅಡ್ಮಿನ್ ಆಗಿರುವವರ ಅಕೌಂಟಲ್ಲಿ ಎಕ್ಸ್‌ಪ್ಲೋರರ್ ತೆಗೆದು ಮೇಲಿನ ವ್ಯೂನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ (ವಿಂಡೋಸ್ 11 ಆದ್ರೆ ವ್ಯೂ ಒಳಗೆ ಶೋ, ಅದರೊಳಗೆ), ಯಾಕೆ ಅಂದ್ರೆ ಆ ಫೋಲ್ಡರ್ ಹಾಗೇ ಕಾಣುವುದಿಲ್ಲ. ಮತ್ತೆ ಸಿ ಡ್ರೈವ್, ಯೂಸರ್ಸ್, ಪಬ್ಲಿಕ್, ಪಬ್ಲಿಕ್ ಡೆಸ್ಕ್‌ಟಾಪ್ ಅಂತ ಒಳಗೆ ಹೋಗಿ. ಮಗನಿಗೆ ಮಾತ್ರ ಬೇಕಾದ ಶಾರ್ಟ್‌ಕಟ್ ಇದ್ರೆ ಅದನ್ನು ಅಲ್ಲಿಂದ ಕಟ್ ಮಾಡಿ ಯೂಸರ್ಸ್ ಒಳಗೆ ಮಗನ ಹೆಸರಲ್ಲಿರುವ ಫೋಲ್ಡರಿನ ಡೆಸ್ಕ್‌ಟಾಪಿಗೆ ಪೇಸ್ಟ್ ಮಾಡಿ. ಉಳಿದವರ ಡೆಸ್ಕ್‌ಟಾಪ್ ಖಾಲಿ, ಮಗನಿಗೂ ನಷ್ಟ ಇಲ್ಲ.

ಒಂದೊಂದೇ ಫೈಲ್ ಅಡಗಿಸ್ಬೇಕಾದ್ರೆ ಅದರ ಪ್ರಾಪರ್ಟೀಸ್‌ನಲ್ಲಿ ಹಿಡನ್ ಅಂತ ಟಿಕ್ ಹಾಕಿ. ಹಿಡನ್ ಐಟಮ್ಸ್ ಆನ್ ಇದ್ರೆ ಅದು ಮಸುಕಾಗಿ ಕಾಣ್ತಾ ಇರ್ತದೆ, ಹಾಗಾಗಿ ಕೆಲಸ ಮುಗಿದ ಮೇಲೆ ಹಿಡನ್ ಐಟಮ್ಸ್ ಆಫ್ ಮಾಡ್ಲಿಕ್ಕೆ ಮರೀಬೇಡಿ. ಆದ್ರೆ ಇದು ಬೀಗ ಅಲ್ಲ ಮಾರಾಯ್ರೆ, ಗೊತ್ತಿದ್ದವರು ಯಾರು ಬೇಕಾದ್ರೂ ಹಿಡನ್ ಐಟಮ್ಸ್ ಆನ್ ಮಾಡಿ ನೋಡ್ಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಹೀಗೆ ಅಡಗಿಸಿಟ್ಟು ಧೈರ್ಯವಾಗಿ ಇರ್ಬೇಡಿ. ಪಾಸ್‌ವರ್ಡ್ ಇರುವ ನಿಮ್ಮದೇ ಅಕೌಂಟಲ್ಲಿ ಇಡಿ, ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಲಾಕ್ ಮಾಡಿ.

ಮನೆಯಲ್ಲಿ ಹಿರಿಯರು ಇದ್ರೆ ಅವರ ಅಕೌಂಟಲ್ಲಿ ಪೂರ್ತಿ ಖಾಲಿ ಮಾಡ್ಬೇಡಿ, ಅವರಿಗೆ ಬೇಕಾದ ಮೂರು ನಾಲ್ಕು ಮಾತ್ರ ಬಿಡಿ. ಶಾರ್ಟ್‌ಕಟ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್2 ಒತ್ತಿದ್ರೆ ಹೆಸರು ಬದಲಿಸ್ಬಹುದು, ಕನ್ನಡ ಕೀಬೋರ್ಡ್ ಮೊದಲೇ ಸೇರಿಸಿದ್ರೆ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಅದಕ್ಕೆ ಬಂದು ‘ಕರೆಂಟ್ ಬಿಲ್’, ‘ಅಡಿಕೆ ಲೆಕ್ಕ’, ‘ಮೊಮ್ಮಗಳ ಫೋಟೋ’ ಅಂತ ಬರೆದಿಡಿ. ಸಣ್ಣದಾಗಿ ಕಂಡ್ರೆ ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ, ಐಕಾನ್ ದೊಡ್ಡ ಆಗ್ತದೆ. ಇಂಗ್ಲಿಷ್ ಮಲಯಾಳ ಎರಡೂ ಓದ್ಲಿಕ್ಕೆ ಕಷ್ಟ ಆಗುವ ಅಜ್ಜಿಗೂ ಇದು ಆಗ್ತದೆ.

ಇನ್ನು ಮಕ್ಕಳಿಗಾಗಿ ಶಾಲೆಯಲ್ಲಿ ಇರುವ ಹಾಗೆ ಕೈಟ್‌ನವರ (ಕೇರಳದ ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಲಿನಕ್ಸ್, ಅಂದ್ರೆ ವಿಂಡೋಸಿನ ಬದಲಿಗೆ ಹಾಕುವ ಸಿಸ್ಟಮ್, ಹಾಕಿಕೊಂಡವರಿಗೆ. ಅದು ಉಬುಂಟು ಮೇಲೆ ಕಟ್ಟಿದ್ದು, ಅಲ್ಲಿ ವಿಂಡೋಸಿನ ಹಿಡನ್ ಟಿಕ್ ಎಲ್ಲ ಇಲ್ಲ. ಫೈಲಿನ ಹೆಸರಿನ ಮೊದಲಿಗೆ ಒಂದು ಚುಕ್ಕಿ ಹಾಕಿದ್ರೆ ಸಾಕು, ಅಡಗ್ತದೆ. ವಾಪಸ್ ನೋಡ್ಬೇಕಾದ್ರೆ ಫೈಲ್ಸ್ ತೆರೆದು ಡೆಸ್ಕ್‌ಟಾಪ್ ಫೋಲ್ಡರಿಗೆ ಹೋಗಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಚುಕ್ಕಿ ತೆಗೆದು ಹೆಸರು ಸರಿ ಮಾಡಿದ್ರೆ ಮೊದಲಿನ ಹಾಗೆ ಬರ್ತದೆ.