ಫೋನಿಗೆ ನಿಮ್ಮದೇ ರಿಂಗ್‌ಟೋನ್: ಬೇರೆ ಆ್ಯಪ್ ಬೇಕೇ ಬೇಕಾ?

ಅಮ್ಮನಿಗೆ ಕಣ್ಣು ಮಂಜಾದ ಮೇಲೆ ಫೋನಿನ ಪರದೆಯಲ್ಲಿ ಬರುವ ಹೆಸರು ಓದಲು ಆಗುತ್ತಿರಲಿಲ್ಲ. ಯಾರ ಕರೆ ಎಂದು ತಿಳಿಯದೆ ಎತ್ತಲು ಹಿಂಜರಿಯುತ್ತಿದ್ದರು. ಒಂದು ದಿನ ನಾವು ಮೂವರು ಮಕ್ಕಳೂ ‘ಅಮ್ಮಾ, ನಾನು’ ಎಂದು ನಮ್ಮ ನಮ್ಮ ದನಿ ರೆಕಾರ್ಡ್ ಮಾಡಿದೆವು. ಒಬ್ಬೊಬ್ಬರ ನಂಬರಿಗೂ ಅವರವರ ದನಿಯನ್ನೇ ರಿಂಗ್‌ಟೋನ್ ಮಾಡಿಟ್ಟೆವು. ಈಗ ಪಕ್ಕದ ಕೋಣೆಯಲ್ಲಿದ್ದರೂ ಯಾರ ಫೋನ್ ಎಂದು ಅವರಿಗೆ ಗೊತ್ತಾಗುತ್ತದೆ. ಇಷ್ಟಕ್ಕೆ ನಾವು ಒಂದೂ ಹೊಸ ಆ್ಯಪ್ ಹಾಕಲಿಲ್ಲ.

ರಿಂಗ್‌ಟೋನ್ ಎಂದ ಕೂಡಲೇ ಆ್ಯಪ್ ಸ್ಟೋರಿಗೆ ಓಡುವವರೇ ಜಾಸ್ತಿ. ಆ ಆತುರ ಬೇಡ. ಹೆಚ್ಚಿನವರ ಕೆಲಸ ಫೋನಿನೊಳಗೇ ಮುಗಿಯುತ್ತದೆ. ನಿಜವಾಗಿ ಸಮಯ ಕೊಡಬೇಕಾದದ್ದು ದನಿಯನ್ನು ಆರಿಸುವುದಕ್ಕೆ ಮತ್ತು ಕತ್ತರಿಸುವುದಕ್ಕೆ.

ಮೊದಲು ದನಿ

ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸಿದ್ದೆಲ್ಲ ರಿಂಗ್‌ಟೋನ್ ಆಗಿ ಚೆನ್ನಾಗಿರುವುದಿಲ್ಲ. ಫೋನಿನ ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಸರಿಯಾಗಿ ಹೊರಡಿಸಲಾರದು. ಡ್ರಮ್ಮಿನ ಗುಡುಗು, ಬೇಸ್ ಗಿಟಾರ್ ಎಲ್ಲ ಅಲ್ಲೇ ಕರಗಿಹೋಗುತ್ತವೆ. ನಮ್ಮ ಕಿವಿಯೋ, ಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೆ ಬಹಳ ಚುರುಕು. ಹಾಗಾಗಿ ಕೊಳಲು, ಗಂಟೆ, ಸಿಳ್ಳೆ, ಮಗುವಿನ ನಗು ಇಂಥವು ಬ್ಯಾಗಿನೊಳಗಿಂದಲೂ ಕೇಳಿಸುತ್ತವೆ.

ಎರಡನೆಯದು, ಆರಂಭ. ಹಾಡು ನಿಧಾನಕ್ಕೆ ಏರುತ್ತಾ ಹೋಗುವುದು ಕೇಳಲು ಚೆಂದ. ಆದರೆ ಫೋನಿನಲ್ಲಿ ಹಾಡು ಹಾಗೆ ಏರುವಷ್ಟರಲ್ಲಿ ಕರೆ ನಿಂತೇಹೋಗಬಹುದು. ನಿಮಗೆ ಇಷ್ಟವಾದ ಸಾಲು ಎಲ್ಲಿ ಶುರುವಾಗುತ್ತದೋ ಅಲ್ಲಿಂದಲೇ ಕತ್ತರಿಸಿ. ಮೊದಲಿನ ಮೌನವನ್ನು ಪೂರ್ತಿ ತೆಗೆದುಬಿಡಿ. ಕೊನೆಯಲ್ಲಿ ಒಂದೆರಡು ಸೆಕೆಂಡ್ ದನಿ ಇಳಿಯುವಂತೆ ಮಾಡಿದರೆ ಟೋನ್ ಮತ್ತೆ ಮೊದಲಿಂದ ಶುರುವಾಗುವಾಗ ಕಿವಿಗೆ ಹೊಡೆಯುವುದಿಲ್ಲ. ಉದ್ದ 25ರಿಂದ 30 ಸೆಕೆಂಡ್ ಸಾಕು.

ಕತ್ತರಿಸಲು ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ನನಗೆ ಇಷ್ಟ. ಫೈಲ್ ತೆರೆಯಿರಿ, ಬೇಕಾದ ಭಾಗವನ್ನು ಮೌಸಿನಿಂದ ಎಳೆದು ಆರಿಸಿ, ಕೊನೆಯ ಎರಡು ಸೆಕೆಂಡಿಗೆ ‘ಫೇಡ್ ಔಟ್’ ಕೊಡಿ. ಮತ್ತೆ ಬೇಕಾದ ಭಾಗವನ್ನಷ್ಟೇ ಆರಿಸಿ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ. ನಿಮ್ಮದೇ ದನಿಯಾದರೆ ಇದೂ ಬೇಡ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲೂ ಆಂಡ್ರಾಯ್ಡಿನ ಹಲವು ರೆಕಾರ್ಡರ್‌ಗಳಲ್ಲೂ ಕತ್ತರಿಸುವ ಸೌಲಭ್ಯ ಒಳಗೇ ಇದೆ.

ಒಂದು ಮಾತು ನೆನಪಿಡಿ. ಚಂದಾ ಕಟ್ಟಿ ಕೇಳುವ ಸಂಗೀತದ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿದ ಹಾಡು ಆ ಆ್ಯಪಿನೊಳಗೇ ಬೀಗ ಹಾಕಿಕೊಂಡಿರುತ್ತದೆ. ಅದು ರಿಂಗ್‌ಟೋನಿಗೆ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಬೇರೆಯಾಗಿ ಎಂಪಿ3 ಅಥವಾ ಎಂ4ಎ ಫೈಲ್ ಇರಬೇಕು.

ಆಂಡ್ರಾಯ್ಡ್: ಸರಿಯಾದ ಫೋಲ್ಡರ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು

ಫೈಲ್ ಮ್ಯಾನೇಜರ್ ತೆರೆದು ಇಂಟರ್ನಲ್ ಸ್ಟೋರೇಜಿಗೆ ಹೋಗಿ. ಅಲ್ಲಿ ‘ರಿಂಗ್‌ಟೋನ್ಸ್’ ಎಂಬ ಫೋಲ್ಡರ್ ಇರುತ್ತದೆ. ಇಲ್ಲದಿದ್ದರೆ ಅದೇ ಹೆಸರಿನಲ್ಲಿ ಒಂದು ಮಾಡಿಕೊಳ್ಳಿ. ಕತ್ತರಿಸಿದ ಫೈಲನ್ನು ಅಲ್ಲಿಗೆ ಕಾಪಿ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಸೌಂಡ್, ರಿಂಗ್‌ಟೋನ್ ಹೀಗೆ ಹೋದರೆ ಪಟ್ಟಿಯಲ್ಲಿ ನಿಮ್ಮ ಟೋನ್ ಕಾಣಿಸುತ್ತದೆ. ಕಾಣಿಸದಿದ್ದರೆ ಪ್ಲಸ್ ಗುರುತು ಒತ್ತಿ ಫೈಲನ್ನು ನೇರವಾಗಿ ಆರಿಸಬಹುದು. ಆಗಲೂ ಆಗದಿದ್ದರೆ ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಮೆನುಗಳ ಹೆಸರು ಫೋನಿನಿಂದ ಫೋನಿಗೆ ಸ್ವಲ್ಪ ಬೇರೆ ಇರುತ್ತದೆ, ದಾರಿ ಮಾತ್ರ ಇದೇ.

ಒಬ್ಬರಿಗೆ ಮಾತ್ರ ಬೇರೆ ಟೋನ್ ಬೇಕಾದರೆ ಕಾಂಟ್ಯಾಕ್ಟ್ಸ್‌ನಲ್ಲಿ ಅವರ ಹೆಸರು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ಅಥವಾ ಎಡಿಟ್‌ನಲ್ಲಿ ರಿಂಗ್‌ಟೋನ್ ಹುಡುಕಿ.

ಚಾಟ್‌ನಲ್ಲಿ ಬಂದ ಆಡಿಯೊವನ್ನು ಇದ್ದಲ್ಲಿಂದಲೇ ಟೋನ್ ಮಾಡಿಕೊಳ್ಳಬೇಡಿ. ನಾನು ಹಾಗೆ ಮಾಡಿದ್ದೆ. ಒಂದು ದಿನ ಜಾಗ ಖಾಲಿ ಮಾಡಲು ಹಳೆಯ ಚಾಟ್ ಫೈಲ್‌ಗಳನ್ನು ಅಳಿಸಿದೆ, ಟೋನ್ ಕೂಡ ಹೋಯಿತು. ಮೊದಲು ರಿಂಗ್‌ಟೋನ್ಸ್ ಫೋಲ್ಡರಿಗೆ ಕಾಪಿ ಮಾಡಿ, ಆಮೇಲೆ ಆರಿಸಿ.

ಐಫೋನ್: ಹಳೆಯ ಬಳಸುದಾರಿ, ಹೊಸ ನೇರದಾರಿ

ಐಫೋನಿನಲ್ಲಿ ಇದು ವರ್ಷಗಟ್ಟಲೆ ಕಷ್ಟದ ಕೆಲಸವಾಗಿತ್ತು. 2025ರಲ್ಲಿ ಬಂದ ಐಒಎಸ್ 26, ಅಂದರೆ ಐಫೋನಿನ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ, ಅದನ್ನು ಸುಲಭ ಮಾಡಿತು. ಫೈಲ್ಸ್ ಆ್ಯಪಿನಲ್ಲಿ ನಿಮ್ಮ ಎಂಪಿ3 ಅಥವಾ ಎಂ4ಎ ಫೈಲನ್ನು ಒತ್ತಿಹಿಡಿದು ‘ಶೇರ್’ ಆರಿಸಿ. ಅಲ್ಲಿ ‘ಯೂಸ್ ಆ್ಯಸ್ ರಿಂಗ್‌ಟೋನ್’ ಇರುತ್ತದೆ. ಫೈಲ್ 30 ಸೆಕೆಂಡ್ ಮೀರಿರಬಾರದು, ಅಷ್ಟೇ.

ಫೋನಿನಲ್ಲಿ ಐಒಎಸ್ 26 ಇಲ್ಲದಿದ್ದರೆ ಗ್ಯಾರೇಜ್‌ಬ್ಯಾಂಡ್ ಎಂಬ ಆ್ಯಪಲ್‌ನ ಉಚಿತ ಆ್ಯಪ್ ಮೂಲಕ ಹೋಗಬೇಕು. ಅದರಲ್ಲಿ ಆಡಿಯೊ ರೆಕಾರ್ಡರ್ ತೆರೆದು, ಮೇಲಿನ ಬಟನ್ ಒತ್ತಿ ಟ್ರ್ಯಾಕ್‌ಗಳ ನೋಟಕ್ಕೆ ಬನ್ನಿ. ಬಲಮೂಲೆಯ ಸುರುಳಿ ಗುರುತು ಒತ್ತಿ, ‘ಫೈಲ್ಸ್’ ವಿಭಾಗದಿಂದ ನಿಮ್ಮ ಆಡಿಯೊವನ್ನು ಎಳೆದು ಟ್ರ್ಯಾಕಿನ ಆರಂಭದಲ್ಲಿ ಬಿಡಿ. ಇಲ್ಲೇ ತುಂಬಾ ಜನ ಎಡವುವುದು. ಟೋನ್ 17 ಸೆಕೆಂಡಿಗೇ ನಿಂತುಹೋಗುತ್ತದೆ. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಗ್ಯಾರೇಜ್‌ಬ್ಯಾಂಡ್ ತಾನಾಗಿ 8 ಬಾರ್ (ಒಂದು ಬಾರ್ ಅಂದರೆ ತಾಳದ 4 ಬೀಟ್) ಮಾತ್ರ ಜಾಗ ಕೊಡುತ್ತದೆ. ಅದರ ಮಾಮೂಲಿ ವೇಗವಾದ ನಿಮಿಷಕ್ಕೆ 110 ಬೀಟ್‌ಗೆ ಲೆಕ್ಕ ಹಾಕಿದರೆ ಅದು ಹದಿನೇಳೂವರೆ ಸೆಕೆಂಡ್ ಆಗುತ್ತದೆ. ಬಲತುದಿಯ ಪ್ಲಸ್ ಗುರುತು ಒತ್ತಿ, ‘ಸೆಕ್ಷನ್ ಎ’ ಆರಿಸಿ, ‘ಆಟೊಮ್ಯಾಟಿಕ್’ ಆನ್ ಮಾಡಿದರೆ ಪೂರ್ತಿ ಆಡಿಯೊ ಬರುತ್ತದೆ.

ಆಮೇಲೆ ‘ಮೈ ಸಾಂಗ್ಸ್’ಗೆ ಹಿಂತಿರುಗಿ, ಆ ಫೈಲನ್ನು ಒತ್ತಿಹಿಡಿದು ಶೇರ್, ರಿಂಗ್‌ಟೋನ್, ಎಕ್ಸ್‌ಪೋರ್ಟ್ ಎಂದು ಹೋಗಿ. 30 ಸೆಕೆಂಡ್ ಮೀರಿದ್ದರೆ ಅದೇ ಕತ್ತರಿಸುತ್ತದೆ.

ಕಂಪ್ಯೂಟರಿನ ದಾರಿಯೂ ಇದೆ. ಎಂ4ಎ ಫೈಲಿನ ಹೆಸರಿನ ಕೊನೆಯನ್ನು ಎಂ4ಆರ್ ಎಂದು ಬದಲಿಸಿ, ಕೇಬಲ್‌ನಲ್ಲಿ ಜೋಡಿಸಿದ ಐಫೋನಿನ ಮೇಲೆ ಎಳೆದು ಬಿಡಬೇಕು. ಮ್ಯಾಕ್‌ನಲ್ಲಿ ಫೈಂಡರ್, ವಿಂಡೋಸ್‌ನಲ್ಲಿ ಐಟ್ಯೂನ್ಸ್ ಬಳಸಿ. ಸುಮ್ನೆ ಒಂದು ಟೋನಿಗಾಗಿ ಇಷ್ಟೆಲ್ಲ ಬೇಕಿಲ್ಲ.

ಐಫೋನಿನಲ್ಲಿ ಒಬ್ಬರ ಹೆಸರಿಗೆ ಟೋನ್ ಆರಿಸುವಾಗ ಅಲ್ಲೇ ‘ಎಮರ್ಜೆನ್ಸಿ ಬೈಪಾಸ್’ ಎಂಬ ಸ್ವಿಚ್ ಕಾಣಿಸುತ್ತದೆ. ಅದನ್ನು ಆನ್ ಮಾಡಿದರೆ ಫೋನ್ ಸೈಲೆಂಟ್‌ನಲ್ಲಿದ್ದರೂ ಅವರ ಕರೆ ಸದ್ದು ಮಾಡುತ್ತದೆ. ವಯಸ್ಸಾದ ತಂದೆತಾಯಿ ದೂರದಲ್ಲಿದ್ದಾರಾ? ಇದನ್ನು ಇವತ್ತೇ ಮಾಡಿ.

ಹಾಗಾದರೆ ಬೇರೆ ಸಾಫ್ಟ್‌ವೇರ್ ಯಾರಿಗೆ?

ಹತ್ತಾರು ಟೋನ್‌ಗಳನ್ನು ಕಂಪ್ಯೂಟರಿನಿಂದ ಐಫೋನಿಗೆ ಸಾಗಿಸುವವರಿಗೆ ಐಮೇಜಿಂಗ್‌ನಂಥ ಸಾಫ್ಟ್‌ವೇರ್ ಸಮಯ ಉಳಿಸುತ್ತದೆ. ಕಂಪ್ಯೂಟರ್ ಇಲ್ಲದೆ ಫೋನಿನಲ್ಲೇ ಹಾಡು ಕತ್ತರಿಸಬೇಕಾದ ಆಂಡ್ರಾಯ್ಡ್ ಬಳಕೆದಾರರಿಗೂ ಒಂದು ಟೋನ್ ಎಡಿಟರ್ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಉಳಿದವರಿಗೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಹಾಕಲೇಬೇಕಾದರೆ ಅದು ಕೇಳುವ ಅನುಮತಿಗಳನ್ನು ಓದಿ. ಆಡಿಯೊ ಫೈಲ್ ನೋಡುವ ಅನುಮತಿ ಸರಿ. ಸಿಸ್ಟಂ ಸೆಟ್ಟಿಂಗ್ಸ್ ಬದಲಿಸುವುದೂ ಸರಿ, ಅದಿಲ್ಲದೆ ಟೋನ್ ಕೂರುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಟೋನ್ ಇಡುವುದಾದರೆ ಕಾಂಟ್ಯಾಕ್ಟ್ಸ್ ಕೂಡ ಬೇಕು. ಆದರೆ ರಿಂಗ್‌ಟೋನಿಗೆ ನೀವು ಎಲ್ಲಿದ್ದೀರಿ ಎಂದು ಗೊತ್ತಾಗಿ ಏನಾಗಬೇಕು? ನಿಮ್ಮ ಎಸ್ಎಂಎಸ್ ಯಾಕೆ ಬೇಕು? ಕೇಳಿದರೆ ಆ ಆ್ಯಪನ್ನು ತೆಗೆದುಹಾಕಿ. ಮೂರು ದಿನ ಉಚಿತ ಎಂದು ಹೇಳಿ ಆಮೇಲೆ ವಾರವಾರ ಹಣ ಕಡಿತ ಮಾಡುವಂಥ ಚಂದಾ ಇದೆಯಾ ಎಂದೂ ನೋಡಿಕೊಳ್ಳಿ.

ಟೋನ್ ಕೊಡುವ ವೆಬ್‌ಸೈಟ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಡೌನ್‌ಲೋಡ್ ಒತ್ತಿದಾಗ ಬಂದ ಫೈಲಿನ ಹೆಸರು ಎಂಪಿ3, ಎಂ4ಎ ಅಥವಾ ಓಜಿಜಿ ಎಂದು ಮುಗಿಯಬೇಕು. ಎಪಿಕೆ ಎಂದಿದ್ದರೆ ಅದು ಹಾಡಲ್ಲ, ಆ್ಯಪ್. ತೆರೆಯದೆ ಅಳಿಸಿ.

ಟೋನ್ ಕೂರಿಸಿದ ಮೇಲೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಇನ್ನೊಂದು ಫೋನಿನಿಂದ ಕರೆ ಮಾಡಿ ನೋಡಿ. ಅಮ್ಮನ ಫೋನಿನಲ್ಲಿ ನನ್ನ ದನಿ ಮೊದಲ ಸಲ ಕೇಳಿಸಲೇ ಇಲ್ಲ. ತೀರಾ ಮೆಲ್ಲಗೆ ಮಾತಾಡಿದ್ದೆ. ಮತ್ತೆ ರೆಕಾರ್ಡ್ ಮಾಡಿದೆ, ಈ ಸಲ ಅಂಗಳದಿಂದ ಕೂಗಿ ಕರೆಯುವ ಹಾಗೆ.